ಟೋಕನ್ ತೂಕದ ಮತ, ನಿಲ್ಲದ ಬರಹಗಾರ

ಬ್ಲಾಕ್‌ಚೈನ್ ಆಧಾರಿತ ಸಾಮಾಜಿಕ ಜಾಲತಾಣಗಳು ಬಳಕೆದಾರರಿಗೆ ಕೊಟ್ಟ ಭರವಸೆ ದೊಡ್ಡದು: ಬರೆದವರಿಗೂ ಪಾಲು, ಒಳ್ಳೆಯ ಬರಹವನ್ನು ಗುರುತಿಸಿದವರಿಗೂ ಪಾಲು. ಯೂಟ್ಯೂಬ್, ಫೇಸ್‌ಬುಕ್‌ಗಳಲ್ಲಿ ಯಾರಿಗೆ ಎಷ್ಟು ಎಂಬುದನ್ನು ಕಂಪನಿ ತೀರ್ಮಾನಿಸುತ್ತದೆ. ಇಲ್ಲಿ ಹಂಚಿಕೆಯ ಸೂತ್ರ ಯಾರು ಬೇಕಾದರೂ ಓದಬಹುದಾದ ಕೋಡ್‌ನಲ್ಲಿರುತ್ತದೆ. ಆದರೆ ಸೂತ್ರ ಬಹಿರಂಗವಾದ ಮಾತ್ರಕ್ಕೆ ಹಂಚಿಕೆ ನ್ಯಾಯವಾಗುವುದಿಲ್ಲ. ಈ ಕ್ಷೇತ್ರದ ಮೊದಲ ದೊಡ್ಡ ಪ್ರಯೋಗವಾದ ಸ್ಟೀಮಿಟ್‌ನ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ 2016ರ ಮಾರ್ಚ್‌ನಲ್ಲಿ ಸ್ಟೀಮಿಟ್‌ಗೆ ಆಧಾರವಾದ ಸ್ಟೀಮ್ ಬ್ಲಾಕ್‌ಚೈನ್ ಆರಂಭಿಸಿದರು. ಅದೇ ವರ್ಷದ ಜುಲೈ 4ರಂದು ಬರಹಗಾರರಿಗೆ ಮೊದಲ ಪಾವತಿ ಆಯಿತು. ಹಣ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಗಮನಿಸಬೇಕು. ಆರಂಭದಲ್ಲಿ ಜಾಹೀರಾತಿನ ಆದಾಯ ಇರಲಿಲ್ಲ. ಹೊಸದಾಗಿ ಸೃಷ್ಟಿಯಾಗುವ ಟೋಕನ್‌ಗಳ (ಜಾಲದ ಡಿಜಿಟಲ್ ನಾಣ್ಯಗಳ) ಒಂದು ಭಾಗ ಬಹುಮಾನದ ನಿಧಿಗೆ ಹೋಗುತ್ತಿತ್ತು. ಅಂದರೆ ಒಬ್ಬರಿಗೆ ಸಿಕ್ಕ ಬಹುಮಾನವೆಂದರೆ ಉಳಿದೆಲ್ಲರ ಟೋಕನ್‌ಗಳ ಮೌಲ್ಯದಿಂದ ಕರಗಿದ ಒಂದು ಚೂರು. ಹಾಗಾಗಿ ನಿಧಿ ಯಾರ ಪಾಲಾಗುತ್ತದೆ ಎಂಬುದು ಪ್ರತಿಯೊಬ್ಬ ಬಳಕೆದಾರನಿಗೂ ಸಂಬಂಧಿಸಿದ ಪ್ರಶ್ನೆಯೇ ಆಗಿತ್ತು.

ಆ ನಿಧಿಯನ್ನು ಹಂಚುತ್ತಿದ್ದದ್ದು ಮತಗಳು. ಮತದ ತೂಕವನ್ನು ನಿರ್ಧರಿಸುತ್ತಿದ್ದದ್ದು ‘ಸ್ಟೀಮ್ ಪವರ್’, ಅಂದರೆ ಖಾತೆಯಲ್ಲಿ ಒತ್ತೆಯಿಟ್ಟ ಟೋಕನ್‌ಗಳ ಪ್ರಮಾಣ. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇದ್ದರೂ ಸದಸ್ಯರಿಗೆ ಒಂದೇ ಮತ. ಬ್ಲಾಕ್‌ಚೈನ್‌ನಲ್ಲಿ ಆ ನಿಯಮ ತರುವುದು ಕಷ್ಟ. ಗುರುತಿನ ಪರಿಶೀಲನೆ ಇಲ್ಲದ ಕಡೆ ಒಬ್ಬನೇ ಸಾವಿರ ಖಾತೆ ತೆರೆದು ಸಾವಿರ ಮತ ಹಾಕಬಹುದು. ಟೋಕನ್‌ಗೆ ತೂಕ ಕೊಟ್ಟರೆ ಆ ಮೋಸ ತಪ್ಪುತ್ತದೆ, ಆದರೆ ಬರಹದ ಬೆಲೆ ಕಟ್ಟುವ ಅಧಿಕಾರ ಹಣವಂತರ ಕೈಗೆ ಹೋಗುತ್ತದೆ. ಸ್ಟೀಮ್‌ನಲ್ಲಿ ಈ ಸಮಸ್ಯೆ ಹುಟ್ಟಿನಿಂದಲೇ ಇತ್ತು. ಹೊರಗಿನವರಿಗೆ ಸರಿಯಾದ ಅವಕಾಶ ಸಿಗುವ ಮೊದಲೇ ಆರಂಭಿಕ ಟೋಕನ್‌ಗಳ ಬಹುಪಾಲನ್ನು ಸ್ಟೀಮಿಟ್ ಕಂಪನಿಯೇ ಗಣಿಗಾರಿಕೆ ಮಾಡಿಕೊಂಡಿತ್ತು.

ಮೊದಲ ಸೂತ್ರ ಅಸಮಾನತೆಯನ್ನು ಇನ್ನಷ್ಟು ಹಿಗ್ಗಿಸಿತು. ಮತಗಳ ಒಟ್ಟು ತೂಕದ ವರ್ಗಕ್ಕೆ ಅನುಗುಣವಾಗಿ ಬಹುಮಾನ ಸಿಗುತ್ತಿತ್ತು. ಹತ್ತು ಪಟ್ಟು ತೂಕ ಬಿದ್ದ ಬರಹಕ್ಕೆ ನೂರು ಪಟ್ಟು ಹಣ. ನಾಲ್ಕಾರು ದೊಡ್ಡ ಖಾತೆಗಳು ಮೆಚ್ಚಿದ ಬರಹ ಸಾವಿರಾರು ಡಾಲರ್ ಗಳಿಸಿದರೆ, ಉಳಿದವಕ್ಕೆ ಸಿಕ್ಕಿದ್ದು ಬಿಡಿಗಾಸು. 2017ರ ಜೂನ್‌ನಲ್ಲಿ ಇದನ್ನು ನೇರ ಅನುಪಾತಕ್ಕೆ ಬದಲಾಯಿಸಲಾಯಿತು. ಸಣ್ಣವರ ಮತಕ್ಕೆ ಬೆಲೆ ಬಂತು, ಜೊತೆಗೆ ಹೊಸ ರೋಗವೂ ಬಂತು. ತನ್ನ ಬರಹಕ್ಕೆ ತಾನೇ ಮತ ಹಾಕಿಕೊಳ್ಳುವುದು ಠೇವಣಿಗೆ ಬಡ್ಡಿ ಪಡೆದಷ್ಟೇ ಸಲೀಸಾಯಿತು. ಅದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಮತ ಮಾರುವ ಬಾಟ್‌ಗಳು, ಅಂದರೆ ಸ್ವಯಂಚಾಲಿತ ಖಾತೆಗಳು. ದೊಡ್ಡ ಟೋಕನ್‌ದಾರರು ತಮ್ಮ ಮತಶಕ್ತಿಯನ್ನು ಬಾಟ್‌ಗಳಿಗೆ ಬಾಡಿಗೆಗೆ ಕೊಟ್ಟರು. ಬರಹಗಾರರು ಹಣ ತೆತ್ತು ಆ ಮತ ಕೊಂಡರು. ಜನಪ್ರಿಯ ಬರಹಗಳ ಪುಟ ಜಾಹೀರಾತಿನ ಗೋಡೆಯಾಯಿತು. ಸ್ಟೀಮಿಟ್‌ನ ಟೋಕನ್ ವರ್ಗಾವಣೆಗಳಲ್ಲಿ 16%ಕ್ಕೂ ಹೆಚ್ಚು ಬಾಟ್ ಎಂದು ಶಂಕಿಸಲಾದ ಖಾತೆಗಳಿಗೆ ಹೋಗಿದ್ದವು ಎಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಕಂಡುಕೊಂಡರು.

ಅದೇ ವರ್ಷದ ಆಗಸ್ಟ್‌ನಲ್ಲಿ ಸೂತ್ರ ಮತ್ತೆ ಬದಲಾಯಿತು. ಬರಹಗಾರ ಮತ್ತು ಮತದಾರರ ನಡುವೆ 75:25 ಇದ್ದ ಹಂಚಿಕೆ 50:50 ಆಯಿತು. ಪ್ರಾಮಾಣಿಕವಾಗಿ ಓದಿ ಮತ ಹಾಕಿದರೂ ಲಾಭ ಸಿಗುವಂತಾದರೆ ಮತ ಮಾರುವ ಚಾಳಿ ನಿಲ್ಲುತ್ತದೆ ಎಂಬುದು ಇದರ ಹಿಂದಿನ ತರ್ಕ. ಬೆಲೆ ತೆತ್ತದ್ದು ಮಾತ್ರ ಬರಹಗಾರ. ತಪ್ಪು ಮಾಡಿದ್ದು ಬಂಡವಾಳ. ತಿದ್ದುಪಡಿಯ ಖರ್ಚು ಬಿದ್ದದ್ದು ದುಡಿಮೆಯ ಮೇಲೆ. ಇದನ್ನು ನ್ಯಾಯ ಎನ್ನಲಾಗದು.

ಬಳಕೆದಾರರನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಹೆಚ್ಚು ಚರ್ಚೆಯಾಗದ ನಿಯಮವೊಂದಿದೆ: ಏಳು ದಿನದ ಗಡುವು. ಪ್ರಕಟವಾಗಿ ವಾರ ಕಳೆದ ಬರಹಕ್ಕೆ ಬಹುಮಾನ ನಿಧಿಯ ಬಾಗಿಲು ಮುಚ್ಚುತ್ತದೆ. ತಿಂಗಳುಗಟ್ಟಲೆ ದುಡಿದು ಬರೆದ, ವರ್ಷಗಳ ಕಾಲ ಜನ ಹುಡುಕಿ ಓದುವ ಲೇಖನವೂ ಅವಸರದಲ್ಲಿ ಗೀಚಿದ ಟಿಪ್ಪಣಿಯೂ ಇಲ್ಲಿ ಸಮ. ಹೀಗಾದಾಗ ದಿನಾ ಏನಾದರೂ ಹಾಕುತ್ತಲೇ ಇರುವವರು ಗೆಲ್ಲುತ್ತಾರೆ. ನಿಧಾನವಾಗಿ, ಗಟ್ಟಿಯಾಗಿ ಬರೆಯುವವರು ಮೊದಲು ಸೋತು ಹೊರನಡೆಯುತ್ತಾರೆ. ಸಣ್ಣ ಭಾಷೆಗಳಿಗೆ ಪೆಟ್ಟು ಇನ್ನೂ ಜೋರು: ಕನ್ನಡ ಓದಬಲ್ಲ ದೊಡ್ಡ ಟೋಕನ್‌ದಾರರು ಇಲ್ಲದಿದ್ದರೆ, ಎಷ್ಟೇ ಓದುಗರು ಮೆಚ್ಚಿದರೂ ಕನ್ನಡ ಬರಹಕ್ಕೆ ನಿಧಿಯಿಂದ ಹೆಚ್ಚೇನೂ ದಕ್ಕುವುದಿಲ್ಲ.

ಬಹುಮಾನವೇ ಆಕರ್ಷಣೆಯಾದಾಗ ಬೆಲೆ ಕುಸಿದೊಡನೆ ಜನ ಚದುರುವುದು ಸಹಜ. ಸ್ಟೀಮ್ ಬೆಲೆ 2018ರ ಜನವರಿಯಲ್ಲಿ ಶಿಖರ ಮುಟ್ಟಿ, ಆಮೇಲೆ ಕುಸಿಯಿತು. ನವೆಂಬರ್ ವೇಳೆಗೆ ಕಂಪನಿ ತನ್ನ ಸಿಬ್ಬಂದಿಯಲ್ಲಿ ಸುಮಾರು 70% ಮಂದಿಯನ್ನು ಕೈಬಿಟ್ಟಿತು. ಬಹುಮಾನವೇ ಸಹಜ ಆಸಕ್ತಿಯನ್ನು ಕುಂದಿಸುವುದು ಮನೋವಿಜ್ಞಾನಕ್ಕೆ ಹೊಸದೇನಲ್ಲ. ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಸಿದಾಗ, ಮುಂದೆ ಅವರು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು ಎಂದು ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲೇ ತೋರಿಸಿದ್ದರು.

2020ರ ಫೆಬ್ರುವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಸಂಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡಾಗ ಟೋಕನ್ ತೂಕದ ಮತದ ನಿಜರೂಪ ಬಯಲಾಯಿತು. ಕಂಪನಿಯ ಟೋಕನ್‌ಗಳನ್ನು ಸಮುದಾಯ ಸ್ತಂಭನಗೊಳಿಸಿತು. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ಟೋಕನ್‌ಗಳಿಂದಲೇ ಮತ ಹಾಕಿ ಆಡಳಿತದ ಹಿಡಿತ ಸನ್ ಪಾಳಯಕ್ಕೆ ಸಿಗುವಂತೆ ಮಾಡಿದವು. ಮಾರ್ಚ್ 20ರಂದು ಸಮುದಾಯದ ದೊಡ್ಡ ಭಾಗ ಬ್ಲಾಕ್‌ಚೈನ್ ಸರಪಳಿಯನ್ನೇ ಕವಲೊಡೆಸಿ ‘ಹೈವ್’ ಕಟ್ಟಿತು. ಹೊಸ ಸರಪಳಿಯಲ್ಲಿ ಕಂಪನಿಯ ಪಾಲನ್ನು ಕೈಬಿಡಲಾಯಿತು; ಸ್ವಾಧೀನವನ್ನು ಬೆಂಬಲಿಸಿದ ಕೆಲವು ಬಳಕೆದಾರರ ಪಾಲನ್ನೂ ಬಿಟ್ಟದ್ದು ವಿವಾದವಾಯಿತು. ಬೆಲೆ ನೆಲ ಕಚ್ಚಿದ್ದ ಕಾಲದಲ್ಲಿ ಇಷ್ಟು ಜನ ಒಟ್ಟಾಗಿ ಹೊರಟದ್ದು ಟೋಕನ್‌ನ ಆಸೆಗಲ್ಲ, ನಾಲ್ಕು ವರ್ಷಗಳಲ್ಲಿ ಬೆಳೆದ ಪರಿಚಯ, ಓದು, ಪ್ರತಿಕ್ರಿಯೆಗಳ ನಂಟಿಗಾಗಿ. ಆದರೂ ಟೋಕನ್ ತೂಕದ ಮತ ಮತ್ತು ವಾರದ ಗಡುವು ಹೈವ್‌ನಲ್ಲೂ ಮುಂದುವರಿದವು.

ಅಂಥ ನಂಟು ಬೆಳೆಯಲು ಅವಕಾಶವೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಫ್ರೆಂಡ್.ಟೆಕ್ ಉದಾಹರಣೆ. 2023ರ ಆಗಸ್ಟ್‌ನಲ್ಲಿ ಬಂದ ಈ ಆ್ಯಪ್‌ನಲ್ಲಿ ಒಬ್ಬರ ಹರಟೆಕೋಣೆಗೆ ಪ್ರವೇಶ ಕೊಡುವ ‘ಕೀ’ಯ ಬೆಲೆ ಪ್ರತಿ ಖರೀದಿಗೂ ಏರುತ್ತಿತ್ತು. ವಹಿವಾಟಿನ 5% ಆ ವ್ಯಕ್ತಿಗೆ, 5% ಆ್ಯಪ್‌ಗೆ. ಬಂದವರು ಮಾತಿಗಿಂತ ಮಾರಾಟಕ್ಕೇ ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಅಭಿವೃದ್ಧಿ ತಂಡವೇ ನಿಯಂತ್ರಣ ಬಿಟ್ಟುಕೊಟ್ಟಿತು.

ಪರ್ಯಾಯಗಳಲ್ಲಿ ರೆಡ್ಡಿಟ್‌ನ ‘ಮೂನ್ಸ್’ ಟೋಕನ್ ಗಮನಾರ್ಹ. 2020ರ ಮೇ ತಿಂಗಳಲ್ಲಿ ಶುರುವಾದ ಈ ವ್ಯವಸ್ಥೆಯ ಮತದಾನದಲ್ಲಿ ಕೊಂಡ ಟೋಕನ್‌ಗೆ ತೂಕವಿರಲಿಲ್ಲ, ಸ್ವತಃ ಗಳಿಸಿದ್ದಕ್ಕೆ ಮಾತ್ರ ಇತ್ತು. ಒಡೆತನವನ್ನೂ ತೀರ್ಪಿನ ಅಧಿಕಾರವನ್ನೂ ಬೇರ್ಪಡಿಸಿದ ಈ ಹೆಜ್ಜೆ ಸರಿಯಾದದ್ದು. ಆದರೆ ಯೋಜನೆಯ ಆಯುಷ್ಯ ಕಂಪನಿಯ ಕೈಯಲ್ಲಿತ್ತು. 2023ರ ನವೆಂಬರ್‌ನಲ್ಲಿ ರೆಡ್ಡಿಟ್ ಅದನ್ನು ನಿಲ್ಲಿಸಿತು. ಗಳಿಸಿದ ಟೋಕನ್‌ಗೆ ಮಾತ್ರ ಮತದ ತೂಕ, ಬರಹ ಓದಿಸಿಕೊಳ್ಳುವಷ್ಟು ಕಾಲವೂ ಪಾಲು, ಓದುಗರಿಂದ ನೇರ ಕಾಣಿಕೆ, ನಿಯಮ ಬದಲಿಸುವಾಗ ಬರಹಗಾರರ ಒಪ್ಪಿಗೆ: ಈ ನಾಲ್ಕನ್ನೂ ಒಟ್ಟಿಗೆ ಅಳವಡಿಸಲು ತಾಂತ್ರಿಕ ಅಡ್ಡಿ ದೊಡ್ಡದೇನಿಲ್ಲ. ಅಡ್ಡಿಯಿರುವುದು ಮೊದಲು ಹಣ ಹೂಡಿದವರು ಮತದ ಮೇಲಿನ ಹಿಡಿತ ಬಿಡಲು ಒಪ್ಪದಿರುವಲ್ಲಿ.