ತಲೆಭಾರದ ಹಡಗು

ಗಾಡಿಗೆ ಹೇರು ಹಾಕುವ ಹಮಾಲನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಕ್ಕಿ ಮೂಟೆ ಕೆಳಗೆ, ಅರಳೆ ಅಂಡಿಗೆ ಮೇಲೆ. ಇದು ತಲೆಕೆಳಗಾದರೆ ಮೊದಲ ತಿರುವಿನಲ್ಲೇ ಗಾಡಿ ಮಗುಚುವುದೆಂದು ಅವನು ಬಲ್ಲ. ದೊಡ್ಡವರಿಗೆ ಮಾತ್ರ ಇದು ಬೇಗ ತಿಳಿಯುವುದಿಲ್ಲ.

ಸ್ವೀಡನ್ ದೇಶದ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ 'ವಾಸಾ' ಎಂಬ ಯುದ್ಧನೌಕೆ ಕಟ್ಟಿಸಿದ. 64 ಫಿರಂಗಿ, ಮೈತುಂಬ ಕೆತ್ತನೆಯ ಬೊಂಬೆ. ಮೇಲಿನ ಒಡಲು ವಿಪರೀತ ಭಾರ; ಅದನ್ನು ತಡೆದು ನಿಲ್ಲಿಸುವಷ್ಟು ತೂಕ ತಳದಲ್ಲಿರಲಿಲ್ಲ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನಿಂದ ಮೊದಲ ಯಾನ ಹೊರಟ ಹಡಗು ಸುಮಾರು 1,300 ಮೀಟರು ಸಾಗುವಷ್ಟರಲ್ಲಿ ಗಾಳಿಗೆ ವಾಲಿತು. ಫಿರಂಗಿಯ ಕಂಡಿಗಳಲ್ಲಿ ನೀರು ನುಗ್ಗಿ ದಡದ ಜನ ನೋಡುತ್ತಿದ್ದಂತೆಯೇ ಮುಳುಗಿತು. ಸತ್ತವರು ಸುಮಾರು 30 ಮಂದಿ.

ಇದೇನು ವಿಧಿಯಾಟವೆ? ಅಲ್ಲ. ಯಾನಕ್ಕೆ ಮೊದಲೇ 30 ಜನರನ್ನು ಅಟ್ಟದ ಮೇಲೆ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರನೆಯ ಓಟಕ್ಕೇ ಹಡಗು ತೂರಾಡಿ, ಮಗುಚೀತೆಂಬ ಭಯದಿಂದ ನೌಕಾಧಿಪತಿ ಓಟ ನಿಲ್ಲಿಸಿದ, ಯಾನವನ್ನು ನಿಲ್ಲಿಸಲಿಲ್ಲ! ದೂರದ ಯುದ್ಧರಂಗದಿಂದ ದೊರೆ ಅವಸರಪಡಿಸುತ್ತಿದ್ದ. ಕಡೆಗೆ ವಿಚಾರಣೆಯಾಯಿತು. ಅಳತೆಗೆ ಒಪ್ಪಿಗೆಯಿತ್ತವನು ದೊರೆಯೇ ಎಂದಮೇಲೆ ಯಾರನ್ನು ದಂಡಿಸುವುದು? ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ರಾಜ್ಯಭಾರವೂ ಹಡಗೇ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಕರ್ನಾಟಕದಲ್ಲಿ ಅಧಿಕಾರದ ತೂಕ ಕೊಂಚ ತಳಕ್ಕಿಳಿಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ, ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ಆಗಲೇಬೇಕೆಂದಿತು. ಆದರೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯಿಲ್ಲ. ಜನರು ಆರಿಸಿದವರ ಕುರ್ಚಿಯಲ್ಲಿ ಅಧಿಕಾರಿಗಳು ಕುಳಿತರು. ತಳದ ಕಲ್ಲನ್ನು ಹೊತ್ತು ಅಟ್ಟಕ್ಕೇರಿಸಿದಂತಾಯಿತು. ಊರ ಸಂತೆಕಟ್ಟೆಯ ಕೊಳಾಯಿ ಕೆಟ್ಟರೆ ಬಡ ವ್ಯಾಪಾರಿ ಯಾರನ್ನು ಕೇಳಬೇಕು?

ಇಲ್ಲಿ ನಮ್ಮನ್ನು ನಾವೂ ಬಿಟ್ಟುಕೊಳ್ಳುವಂತಿಲ್ಲ. ಅಧ್ಯಕ್ಷರ ಮಾತೇ ಠರಾವಾಗಿ, ಖಾತೆಯ ಮಜೂರನು ಚಂದಾ ಕೊಡುವುದಕ್ಕಷ್ಟೇ ಬೇಕಾದವನಾದರೆ ಆ ಸಂಘವೂ ವಾಸಾ ಹಡಗೇ. ಅಂಥ ಸಂಘ ಬಂದರಿನಲ್ಲಿ ಭವ್ಯವಾಗಿ ಕಾಣುವುದು; ಮುಷ್ಕರದ ಮೊದಲ ಗಾಳಿಗೇ ವಾಲುವುದು.

ಅಟ್ಟದ ಮೇಲೆ ಓಡಿದ ಆ 30 ಜನರ ಕಾಲಿಗೆ ಸತ್ಯ ತಿಳಿದಿತ್ತು. ಅವರ ಬಾಯಿಗೆ ಅಧಿಕಾರವಿರಲಿಲ್ಲ. ಸಭೆಗೆ ಬನ್ನಿ, ಲೆಕ್ಕ ಕೇಳಿ, ವಾಲುತ್ತಿದ್ದರೆ ವಾಲುತ್ತಿದೆಯೆಂದು ಕೂಗಿ ಹೇಳಿ. ಮುಳುಗಿದ ಮೇಲೆ ನಡೆಯುವ ವಿಚಾರಣೆಯಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.