ಮೇಜುಗರಗಸವೂ ಮನೆಯ ಎಚ್ಚರವೂ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂತಹ ವಸತಿಗಳಲ್ಲಿ ಮನೆಯ ಗೋಡೆಗಳೆದ್ದು ಗಾರೆಯ ಕೆಲಸವು ಮುಗಿದೊಡನೆ ಬಡಗಿಗಳ ಸರದಿಯು ಬರುವುದು. ಬಾಗಿಲು, ಕಿಟಕಿ, ಅಡಿಗೆಮನೆಯ ಕಪಾಟು, ಇವೆಲ್ಲಕ್ಕೂ ಮರವನ್ನು ಸೀಳುವುದಕ್ಕಾಗಿ ಅವರು ತಮ್ಮ ಮೇಜುಗರಗಸವನ್ನು ನಮ್ಮ ಜಗಲಿಯಲ್ಲಿಯೇ ಹೂಡುವರು. ಮರಗೆಲಸದಲ್ಲಿ ಆಸಕ್ತಿಯುಳ್ಳ ಕೆಲವು ಗೃಹಸ್ಥರು ಸಣ್ಣದೊಂದನ್ನು ಸ್ವಂತಕ್ಕೆ ಕೊಳ್ಳುವುದೂ ಉಂಟು. ಯಂತ್ರವು ಹೀಗೆ ಮನೆಯ ಹೊಸ್ತಿಲಿಗೆ ಬಂದಮೇಲೆ ಅದರ ಗುಣದೋಷಗಳನ್ನು ಅರಿತಿರುವುದು ಮನೆಯವರಿಗೂ ಕರ್ತವ್ಯವಾಗುವುದು. ಆದಕಾರಣ ಈ ತಿಂಗಳು ಅದೇ ವಿಷಯವನ್ನೆತ್ತಿಕೊಂಡಿರುವೆವು.

ಗರಗಸವು ನೇರವಾಗಿದ್ದರೆ ಕೆಲಸವು ಅಂದವಾಗುವುದು, ಕೆಲಸಗಾರನು ಎಚ್ಚರದಿಂದಿದ್ದರೆ ಕೈ ಉಳಿಯುವುದು ಎಂದು ಇವೆರಡನ್ನೂ ಬೇರೆಬೇರೆಯಾಗಿ ಎಣಿಸುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಒಂದೇ. ಹೇಗೆಂದರೆ, ಗರಗಸದ ಚಕ್ರದ ಮುಂಭಾಗದ ಹಲ್ಲುಗಳು ಹಲಗೆಯನ್ನು ಮೇಜಿಗೆ ಅದುಮುತ್ತ ಕೆಳಗಿಳಿಯುವುವು, ಹಿಂಭಾಗದವು ಮೇಲಕ್ಕೇರುವುವು. ಹಲಗೆಯು ಚಕ್ರಕ್ಕೂ ಅದನ್ನು ಆನಿಸಿ ನೂಕುವ ಫೆನ್ಸ್ ಎಂಬ ಪಟ್ಟಿಗೂ ನಡುವೆ ಸಿಕ್ಕಿಕೊಂಡರೆ, ಆ ಹಿಂದಿನ ಹಲ್ಲುಗಳು ಅದನ್ನು ಕಚ್ಚಿ ಎತ್ತಿ ಕೆಲಸಗಾರನ ಕಡೆಗೇ ಎಸೆಯುವುವು. 10 ಅಂಗುಲದ ಚಕ್ರವು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಅದರ ಹಲ್ಲುಗಳ ವೇಗವು ಸೆಕೆಂಡಿಗೆ ಸುಮಾರು 53 ಮೀಟರು, ಎಂದರೆ ಗಂಟೆಗೆ 190 ಕಿಲೋಮೀಟರು. ಹಲಗೆ ಹಾರುವಾಗ ಅದನ್ನು ಹಿಡಿದ ಕೈಯೂ ಚಕ್ರದ ಮೇಲಕ್ಕೆ ಸೆಳೆಯಲ್ಪಡಬಹುದು. ಕೊಯ್ದ ಅಂಚು ಕಪ್ಪಾಗಿ ಸುಟ್ಟಂತಿದ್ದರೆ, ಚಕ್ರದ ಹಲ್ಲು ಮೊಂಡಾಗಿದೆ, ಇಲ್ಲವೆ ನೇರವು ತಪ್ಪಿದೆ ಎಂದು ತಿಳಿಯತಕ್ಕದ್ದು.

ನೇರದ ಬೆಲೆಯು ನಮ್ಮ ಸೀಮೆಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ಮುಚ್ಚಿದ್ದರೂ, ಅದು ತಯಾರಿಸಿದ ಲೇತ್ ಯಂತ್ರಗಳನ್ನು ಬಲ್ಲವರು ಇನ್ನೂ ಇದ್ದಾರೆ. ಲೇತಿನ ಅಕ್ಷವು ಅದರ ಹಾಸಿಗೆ ಸಮಾನಾಂತರವಾಗಿಲ್ಲದಿದ್ದರೆ ದುಂಡಾಗಬೇಕಾದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣವಾಗುವುದು. ಲೇತಿನಲ್ಲಿ ನೇರ ತಪ್ಪಿದರೆ ಸರಳು ಕೆಡುವುದು. ಗರಗಸದಲ್ಲಿ ತಪ್ಪಿದರೆ ಬೆರಳು ಹೋಗಬಹುದು.

ನೇರಮಾಡುವ ಕ್ರಮವು ಹೀಗೆ. ಮೊತ್ತಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರಷ್ಟೇ ಸಾಲದು. ಚಕ್ರವನ್ನು ಪೂರ್ಣವಾಗಿ ಮೇಲೆತ್ತಿ, ಒಂದು ಹಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಮೇಜಿನ ಮುಖದಲ್ಲಿ ಚಕ್ರದ ಪಕ್ಕಕ್ಕೆ ಉದ್ದಕ್ಕೂ ಕೊರೆದಿರುವ ಕಾಲುವೆಯೇ ನಮಗೆ ಆಧಾರ. ಅದರಲ್ಲಿ ಅಲುಗಾಡದೆ ಓಡುವ ಮರದ ತುಂಡೊಂದಕ್ಕೆ ಅಡ್ಡಲಾಗಿ ತಿರುಪನ್ನು ಹೊಗಿಸಿ, ತಿರುಪಿನ ತಲೆಯು ಗುರುತಿನ ಹಲ್ಲಿಗೆ ಸೋಕುವಷ್ಟು ಹೊಂದಿಸಬೇಕು. ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಬದಿಗೆ ತಂದು, ಮರದ ತುಂಡನ್ನೂ ಹಿಂದಕ್ಕೆ ಸರಿಸಿ ನೋಡಬೇಕು. ಬೇರೆ ಹಲ್ಲನ್ನು ಅಳೆದರೆ ಚಕ್ರದ ಓರೆಯೂ ಅಳತೆಯಲ್ಲಿ ಸೇರಿ ನಾವು ಮೋಸಹೋಗುವೆವು. ಎರಡು ಕಡೆಗಳ ವ್ಯತ್ಯಾಸವು ಒಂದು ಹಾಳೆ ಕಾಗದದ ದಪ್ಪ, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನು ಮೀರಕೂಡದು. ಮೀರಿದರೆ ಚಕ್ರದ ಭಾಗವನ್ನು ಮೇಜಿಗೆ ಬಿಗಿದಿರುವ ಬೋಲ್ಟುಗಳಲ್ಲಿ ಒಂದನ್ನು ತುಸು ಬಿಗಿಯಾಗಿಯೇ ಬಿಟ್ಟು ಉಳಿದವನ್ನು ಸಡಿಲಿಸಿ, ಕೊಡತಿಯಿಂದ ಮೆಲ್ಲನೆ ತಟ್ಟಿ ಸರಿಪಡಿಸಿ, ಬಿಗಿದು, ಪುನಃ ಅಳೆಯಬೇಕು, ಬಿಗಿಯುವಾಗಲೂ ಜರುಗುವುದುಂಟು.

ಚಕ್ರವು ಕಾಲುವೆಗೆ ಸರಿಯಾದ ಬಳಿಕ ಫೆನ್ಸನ್ನು ಅದೇ ಕಾಲುವೆಗೆ ಸರಿನೋಡಬೇಕು. ಅದರ ಹಿಂದಿನ ತುದಿಯು ಚಕ್ರದಿಂದ ಒಂದು ಕಾಗದದಷ್ಟು ದೂರ ಸರಿದಿದ್ದರೆ ಚಿಂತೆಯಿಲ್ಲ; ಚಕ್ರದ ಕಡೆಗೆ ವಾಲಿರುವುದು ಮಾತ್ರ ಸರ್ವಥಾ ಕೂಡದು, ಹಲಗೆಯು ಸಿಕ್ಕಿಕೊಳ್ಳುವುದು ಅಲ್ಲಿಯೇ. ಕೊನೆಗೆ ಮೂಲೆಮಟ್ಟವನ್ನು ಚಕ್ರದ ಹಲ್ಲಿಗಲ್ಲದೆ ಮೈಗೆ ಆನಿಸಿ, ಅದು ಮೇಜಿಗೆ ಲಂಬವಾಗಿದೆಯೇ ಎಂದು ನೋಡತಕ್ಕದ್ದು. ಪರೀಕ್ಷೆಗಾಗಿ ಒಂದು ಹಲಗೆಯನ್ನು ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಮುಖಗಳನ್ನು ಸಮತಟ್ಟಾದ ಮೇಜಿನ ಮೇಲೆ ಕೂಡಿಸಿದರೆ ದೋಷವು ಇಮ್ಮಡಿಯಾಗಿ ಸಂದಿಯ ರೂಪದಲ್ಲಿ ಕಣ್ಣಿಗೆ ಬೀಳುವುದು.

ಪಂಚತಂತ್ರದ ಕೋತಿಯ ಕಥೆಯನ್ನು ಅರಿಯದವರಾರು? ಅರ್ಧ ಸೀಳಿದ ದಿಮ್ಮಿಗೆ ಬಡಗಿಯು ಬೆಣೆಯನ್ನು ಬಡಿದು ಹೋಗಿದ್ದನು; ಕೋತಿಯು ಅದನ್ನು ಕಿತ್ತು ಪ್ರಾಣವನ್ನು ಕಳೆದುಕೊಂಡಿತು. ಮೇಜುಗರಗಸದ ಚಕ್ರದ ಹಿಂದೆ ನಿಂತಿರುವ ತೆಳು ಉಕ್ಕಿನ ತಗಡೇ ಈ ಯಂತ್ರದ ಬೆಣೆ. ಕೊಯ್ದ ಸೀಳು ಪುನಃ ಮುಚ್ಚಿಕೊಂಡು ಚಕ್ರವನ್ನು ಹಿಡಿಯದಂತೆ ಅದು ತಡೆಯುವುದು. ಅದು ಚಕ್ರದ ಸಾಲಿನಲ್ಲಿಯೇ, 8 ಮಿಲಿಮೀಟರಿಗಿಂತ ಹೆಚ್ಚು ದೂರವಿಲ್ಲದೆ ನಿಂತಿರಬೇಕು. ದಪ್ಪದಲ್ಲಿ ಚಕ್ರದ ಮೈಗಿಂತ ಹೆಚ್ಚು, ಸೀಳಿನ ಅಗಲಕ್ಕಿಂತ ಕಡಮೆ ಇರಬೇಕು. ಅಡ್ಡಿಯೆಂದು ಅದನ್ನು ಕಿತ್ತೆಸೆಯುವವರನ್ನು ಕಂಡರೆ ನಮಗೆ ಆ ಕೋತಿಯ ನೆನಪಾಗುವುದು. ಕೈಗರಗಸದ ಯಂತ್ರವನ್ನೇ ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು ಮಾಡಿಕೊಂಡ ಅಗ್ಗದ ಮೇಜುಗಳಲ್ಲಿ ಈ ಬೆಣೆಯೂ ಇಲ್ಲ, ಮುಚ್ಚಳವೂ ಇಲ್ಲ. ಅವುಗಳನ್ನು ಮನೆಯೊಳಕ್ಕೆ ಬಿಡದಿರುವುದು ಲೇಸು.

ಕೊಯ್ಯುವಾಗ ಚಕ್ರದ ನೇರಕ್ಕೆ ನಿಲ್ಲದೆ ತುಸು ಪಕ್ಕಕ್ಕೆ ನಿಲ್ಲಬೇಕು. ಹಲ್ಲುಗಳು ಹಲಗೆಯ ಮೇಲೆ ಅಲ್ಪವೇ ಕಾಣುವಷ್ಟು ಚಕ್ರವನ್ನು ಎತ್ತಬೇಕು. ಕಿರಿದಾದ ಪಟ್ಟಿಯನ್ನು ಕೈಯಿಂದಲ್ಲದೆ ನೂಕುಕೋಲಿನಿಂದ ತಳ್ಳಬೇಕು. ಕೈಗವಸು, ಹೆಗಲ ಮೇಲಿನ ವಸ್ತ್ರ, ಜೋಲುವ ತೋಳು, ಇವು ಕೂಡವು, ಕಣ್ಣಿಗೆ ಕನ್ನಡಕವಿರಬೇಕು. ಮಕ್ಕಳನ್ನು ಹತ್ತಿರ ಸುಳಿಯಗೊಡಬಾರದು.

ಬೆರಳು ತಾಗಿದೊಡನೆ ವಿದ್ಯುತ್ತಿನ ಮೂಲಕ ಅದನ್ನರಿತು ಸೆಕೆಂಡಿನ ಸಾವಿರದ ಸುಮಾರು ಐದು ಪಾಲಿನಷ್ಟು ಹೊತ್ತಿನಲ್ಲಿ ಚಕ್ರವನ್ನು ನಿಲ್ಲಿಸುವ ಉಪಾಯವನ್ನು ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಕಂಡುಹಿಡಿದರು. ಅದು ಸ್ತುತ್ಯವೇ ಸರಿ. ಆದರೆ ನೇರತಪ್ಪಿದ ಚಕ್ರವು ಹಲಗೆಯನ್ನು ಎಸೆಯುವುದನ್ನು ಅದು ತಡೆಯಲಾರದು. ಅದಕ್ಕೆ ಮೂಲೆಮಟ್ಟ, ಸೀಮೆಸುಣ್ಣ, ಅರ್ಧ ಗಂಟೆಯ ತಾಳ್ಮೆ, ಇವೇ ಮದ್ದು.

ಆ ಅರ್ಧ ಗಂಟೆಯನ್ನು ಬಡಗಿಗೆ ಕೊಡುವವರು ನಾವೇ. ಗೃಹಪ್ರವೇಶದ ಮುಹೂರ್ತವು ಸಮೀಪಿಸಿತೆಂದು ನಾವು ಅವಸರಪಡಿಸಿದಾಗಲೇ ಅಳತೆಯು ತಪ್ಪುವುದು, ಬೆಣೆಯೂ ಮುಚ್ಚಳವೂ ಮೂಲೆಸೇರುವುವು. ದಿನಗೂಲಿಯ ಬಡಗಿಗೆ ಕೈಯೇ ಆಸ್ತಿ. ಅದು ಹೋದರೆ ಅವನ ಮನೆಯಲ್ಲಿ ಒಲೆಯುರಿಯುವುದು ಕಷ್ಟ. ಕಪಾಟು ಎರಡು ದಿನ ತಡವಾದರೆ ನಮಗೆ ಆಗುವ ನಷ್ಟವೇನು? ಕೆಲಸಕ್ಕೆ ಮೊದಲು ಗರಗಸವನ್ನು ನೇರಮಾಡುವ ಹೊತ್ತನ್ನೂ ಕೂಲಿಯಲ್ಲಿ ಸೇರಿಸಿ ಕೊಡುವ ಪದ್ಧತಿಯನ್ನು ನಮ್ಮ ವಾಚಕರು ತಮ್ಮ ಮನೆಯಿಂದಲೇ ಆರಂಭಿಸಲೆಂದು ಹಾರೈಸುವೆವು.