ಆಕಾಶವು ಯಾರ ಸ್ವತ್ತು?

ಗಗನಚುಂಬಿ ಸೌಧಗಳನ್ನು ಆಕ್ಷೇಪಿಸುವ ಪೌರರನ್ನು ಪ್ರಗತಿದ್ವೇಷಿಗಳೆಂದು ಜರೆಯುವ ಮಹನೀಯರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ವೃತ್ತಾಂತವನ್ನು ಅವಲೋಕಿಸಲಿ. ಅಲ್ಲಿ ನೇವಾ ನದೀತೀರದಲ್ಲಿ, ಸ್ಮೋಲ್ನಿ ಚರ್ಚಿಗೆ ಎದುರಾಗಿ, ಗಾಜ್‌ಪ್ರೋಮ್ ಸಂಸ್ಥೆಯು ಸುಮಾರು 400 ಮೀಟರು ಎತ್ತರದ ಗೋಪುರವನ್ನು ಕಟ್ಟಹೊರಟಿತು. ಆ ಪುರಾತನ ಪಟ್ಟಣಕ್ಕೆ ಮುಕುಟಪ್ರಾಯವಾದ ಪೀಟರ್-ಪಾಲ್ ಚರ್ಚಿನ ಶಿಖರವಾದರೋ ಸುಮಾರು 122 ಮೀಟರು ಮಾತ್ರ! ಪೌರರು ಬೀದಿಗಿಳಿದರು, ಯುನೆಸ್ಕೋ ಎಚ್ಚರಿಸಿತು, 2010ರ ಡಿಸೆಂಬರಿನಲ್ಲಿ ಆ ಸ್ಥಳವನ್ನು ಬಿಡಬೇಕಾಯಿತು.

ಇದರಿಂದ ಪ್ರಗತಿಗೆ ಬಂದ ಹಾನಿಯೇನು? ನಗರದಂಚಿನ ಲಾಖ್ತಾದಲ್ಲಿ, ಸಮುದ್ರತೀರದಲ್ಲಿ, 462 ಮೀಟರಿನ ಗೋಪುರವೇ ತಲೆಯೆತ್ತಿತು! ಕಾವ್ಯಕ್ಕೆ ಔಚಿತ್ಯವು ಹೇಗೋ ಪುರರಚನೆಗೂ ಹಾಗೆಯೇ. ಜನರು ಬೇಡಿದ್ದು ಅದನ್ನೇ. ನಿವೇಶನಕ್ಕೆ ಒಬ್ಬ ಒಡೆಯನಿರಬಹುದು. ಅದರ ಮೇಲಣ ಆಕಾಶವು ಊರವರೆಲ್ಲರ ಸ್ವತ್ತು. ಅದನ್ನು ಮರೆಮಾಡಹೊರಡುವವನು ಮೊದಲು ಊರನ್ನು ಕೇಳತಕ್ಕದ್ದು.